ಹನ್ನೊಂದು ಜನ, ಒಂದು ಕಾಡು: ಗುಂಪಿನ ಸಫಾರಿಗೆ ಎಲ್ಲಿಗೆ ಹೋಗುವುದು?

ಬೇಸಿಗೆ ರಜೆ ಹತ್ತಿರವಾದ ಹಾಗೆ ನನಗೆ ಬರುವ ಫೋನುಗಳಲ್ಲಿ ಒಂದು ಪ್ರಶ್ನೆ ಖಾಯಂ. "ಮನೆಯವರೆಲ್ಲ ಸೇರಿ ಸಫಾರಿಗೆ ಹೋಗಬೇಕು ಎಂದುಕೊಂಡಿದ್ದೇವೆ. ಬಂಡೀಪುರವೋ, ಕಬಿನಿಯೋ? ಹುಲಿ ಎಲ್ಲಿ ಕಾಣುತ್ತದೆ?" ನಾನು ಉತ್ತರ ಹೇಳುವ ಮೊದಲು ಕೇಳುವುದು ಇಷ್ಟೇ: "ಯಾರ್ಯಾರು ಬರುತ್ತಿದ್ದೀರಿ?" ಇಬ್ಬರು ಗೆಳೆಯರು ಕ್ಯಾಮೆರಾ ಹೆಗಲಿಗೇರಿಸಿ ಹೊರಡುವುದು ಬೇರೆ, ಸೊಂಟ ನೋವಿನ ಅಮ್ಮ, ಐದು ವರ್ಷದ ಮಗು, ಕಾಲೇಜು ಹುಡುಗ, ಹುಲಿಯ ಚಿತ್ರ ಸಿಗದೆ ವಾಪಸಾಗಲು ಒಪ್ಪದ ಭಾವ, ಇವರೆಲ್ಲ ಒಟ್ಟಿಗೆ ಹೊರಡುವುದು ಬೇರೆ.

ನಾವು ಮೊದಲ ಸಲ ಹನ್ನೊಂದು ಜನ ಹೊರಟಾಗ ಈ ಲೆಕ್ಕ ಹಾಕಿರಲಿಲ್ಲ. ಎಲ್ಲರಿಗೂ ಜೀಪು ಬೇಕೆಂದು ಹಟ ಹಿಡಿದು ಎರಡು ಜೀಪು ಹಿಡಿದೆವು. ಅಮ್ಮನನ್ನು ಮರ್ಯಾದೆಯಿಂದ ಹಿಂದಿನ ಎತ್ತರದ ಸೀಟಿನಲ್ಲಿ ಕೂರಿಸಿದೆವು, ಎಲ್ಲವೂ ಚೆನ್ನಾಗಿ ಕಾಣಲಿ ಎಂದು. ಜೀಪಿನ ಹಿಂದಿನ ಸೀಟು ಚಕ್ರದ ಮೇಲೆಯೇ ಇರುತ್ತದೆ. ಪ್ರತಿ ಗುಂಡಿಗೂ ಅಮ್ಮ ಒಂದು ಗೇಣು ಮೇಲೆ ಹಾರಿ ಕೂರುತ್ತಿದ್ದರು. ಮುಕ್ಕಾಲು ಗಂಟೆಯ ನಂತರ ಅವರು ಕಾಡು ನೋಡುವುದನ್ನು ಬಿಟ್ಟು ಎದುರಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದ್ದರು. ಆ ದಿನ ಹುಲಿ ಕಂಡಿತು. ಅಮ್ಮನಿಗೆ ನೆನಪಿರುವುದು ಆ ಕಂಬಿ ಮಾತ್ರ.

ಅಲ್ಲಿಂದ ಮುಂದೆ ನಾನು ಕಾಡನ್ನು ಆರಿಸುವುದು ಗುಂಪಿನಲ್ಲಿ ಯಾರಿಗೆ ಹೆಚ್ಚು ಕಷ್ಟವಾಗಬಹುದೋ ಅವರನ್ನು ಮುಂದಿಟ್ಟುಕೊಂಡು. ಅವರಿಗೆ ಹೊಂದುವ ವಾಹನ ಯಾವುದು ಎಂದು ಮೊದಲು ನಿರ್ಧರಿಸುತ್ತೇನೆ. ಆ ವಾಹನ ಎಲ್ಲಿ ಚೆನ್ನಾಗಿ ನಡೆಯುತ್ತದೆ ಎಂಬುದು ಎರಡನೆಯದು. ಹುಲಿಯ ಮಾತು ಬರುವುದು ಮೂರನೆಯದಾಗಿ.

ಬಸ್ಸು, ಜೀಪು, ದೋಣಿ

ಅರಣ್ಯ ಇಲಾಖೆಯ ಮಿನಿಬಸ್ಸನ್ನು ಬಹಳ ಜನ ಕೀಳಾಗಿ ನೋಡುತ್ತಾರೆ. ಗಲಾಟೆ, ಜನಜಂಗುಳಿ, ಕಿಟಕಿಗೆ ಜಾಲರಿ, ಪ್ರಾಣಿಗಳು ಓಡಿಹೋಗುತ್ತವೆ ಎಂಬ ದೂರುಗಳು. ಅರ್ಧ ನಿಜ. ಆದರೆ ಗುಂಪಿನ ದೃಷ್ಟಿಯಿಂದ ನೋಡಿದರೆ ಬಸ್ಸಿಗೆ ಅದರದೇ ಗುಣವಿದೆ. ಇಪ್ಪತ್ತರ ಆಸುಪಾಸು ಸೀಟುಗಳಿರುವುದರಿಂದ ಹತ್ತು ಹನ್ನೆರಡು ಜನರ ಕುಟುಂಬ ಬೇರೆಯಾಗಬೇಕಿಲ್ಲ. ಹತ್ತಲು ಮೆಟ್ಟಿಲಿದೆ, ಒರಗಲು ಬೆನ್ನಿದೆ, ತಲೆಯ ಮೇಲೆ ಚಾವಣಿಯಿದೆ. ಮಧ್ಯಾಹ್ನದ ಬಿಸಿಲಿನಲ್ಲಿ, ಡಿಸೆಂಬರಿನ ಮುಂಜಾನೆಯ ಕೊರೆಯುವ ಗಾಳಿಯಲ್ಲಿ ಈ ಚಾವಣಿಯ ಬೆಲೆ ಗೊತ್ತಾಗುತ್ತದೆ. ತಲೆಗೆ ಬೀಳುವ ದುಡ್ಡೂ ಜೀಪಿಗಿಂತ ಬಹಳ ಕಡಿಮೆ.

ಬಸ್ಸಿನಲ್ಲಿ ಸೀಟು ಆರಿಸುವುದರಲ್ಲೇ ಅರ್ಧ ಸುಖವಿದೆ. ವಯಸ್ಸಾದವರನ್ನು ಮುಂದಿನ ಎರಡು ಸಾಲುಗಳಲ್ಲಿ ಕೂರಿಸಿ. ಹಿಂದಿನ ಸಾಲು ಕಾಲೇಜು ಹುಡುಗರಿಗಿರಲಿ. ಮಕ್ಕಳಿಗೆ ಕಿಟಕಿ ಕೊಟ್ಟು ಪಕ್ಕದಲ್ಲಿ ದೊಡ್ಡವರು ಕೂರಬೇಕು, ಏಕೆಂದರೆ ಮಗು ಪ್ರಾಣಿ ಕಂಡೊಡನೆ ಕೂಗುತ್ತದೆ. ಆ ಕೂಗನ್ನು ತಡೆಯಲು ಬೆನ್ನ ಮೇಲೊಂದು ಕೈ ಇದ್ದರೆ ಸಾಕು.

ಜೀಪಿನಲ್ಲಿ ಆರೆಂಟು ಜನ. ತೆರೆದ ವಾಹನ, ಕಾಡಿನ ವಾಸನೆ ಮುಖಕ್ಕೇ ಬರುತ್ತದೆ. ಒದ್ದೆ ಎಲೆಯದು, ಆನೆ ಲದ್ದಿಯದು. ಚಾಲಕ ಬೇಕಾದಲ್ಲಿ ಎಂಜಿನ್ ಆರಿಸಿ ನಿಲ್ಲಬಲ್ಲ. ಜಿಂಕೆಯ ಎಚ್ಚರಿಕೆಯ ಕೂಗು ಕೇಳಿಸಿಕೊಳ್ಳಲು ಆ ಮೌನ ಬೇಕು. ಜಿಂಕೆ, ಮುಸುವ ಸಣ್ಣದಕ್ಕೂ ಗಾಬರಿಯಾಗಿ ಕೂಗುತ್ತವೆ. ಕಡವೆ ಮಾತ್ರ ಸುಮ್ಮನೆ ಕೂಗುವುದಿಲ್ಲ. ಒಂದೇ ಕಡೆ ದಿಟ್ಟಿಸುತ್ತ ಕಾಲು ಅಪ್ಪಳಿಸಿ ಕೂಗಿತೆಂದರೆ ಹುಲಿಯೋ ಚಿರತೆಯೋ ಹತ್ತಿರದಲ್ಲಿದೆ ಎಂದು ಚಾಲಕರು ಜೀಪು ನಿಲ್ಲಿಸಿ ಕಾಯುತ್ತಾರೆ. ಫೋಟೋಗ್ರಫಿ ಇಷ್ಟಪಡುವವರಿಗೆ, ಪಕ್ಷಿ ನೋಡುವವರಿಗೆ ಜೀಪೇ ಸರಿ. ಹತ್ತು ಜನರ ಗುಂಪಾದರೆ ಎರಡು ಜೀಪಾಗುತ್ತದೆ, ಒಂದಕ್ಕೆ ಹುಲಿ ಕಂಡು ಇನ್ನೊಂದಕ್ಕೆ ಕಾಣದಿರಬಹುದು. ಇದು ಸಣ್ಣ ವಿಷಯವೆನಿಸುತ್ತದೆ. ಊಟದ ಮೇಜಿನಲ್ಲಿ ಒಂದು ಜೀಪಿನವರು ಕುಣಿಯುತ್ತಿರುವಾಗ ಇನ್ನೊಂದು ಜೀಪಿನ ಒಂಬತ್ತು ವರ್ಷದ ಹುಡುಗಿ ತಟ್ಟೆ ಮುಂದಿಟ್ಟುಕೊಂಡು ಬಿಕ್ಕಳಿಸುವುದನ್ನು ನಾನು ನೋಡಿದ್ದೇನೆ. ಎರಡು ಜೀಪಾಗುವುದಾದರೆ ಬೆಳಗಿನ ಸುತ್ತಿಗೂ ಸಂಜೆಯ ಸುತ್ತಿಗೂ ಜನರನ್ನು ಅದಲುಬದಲು ಮಾಡಿ.

ದೋಣಿಯನ್ನು ಬಹುತೇಕರು ಮರೆತೇಬಿಡುತ್ತಾರೆ. ನನ್ನ ಅನುಭವದಲ್ಲಿ ಮೂರು ತಲೆಮಾರು ಒಟ್ಟಿಗಿರುವ ಗುಂಪಿಗೆ ದೋಣಿಗಿಂತ ಒಳ್ಳೆಯದಿಲ್ಲ. ಕುಲುಕಾಟವಿಲ್ಲ, ದೂಳಿಲ್ಲ, ಎಲ್ಲರೂ ಒಂದೇ ಕಡೆ. ನೀರಿನ ಅಂಚಿಗೆ ಬರುವ ಆನೆ, ಮೊಸಳೆ, ನೀರುನಾಯಿ, ಹಕ್ಕಿಗಳು ಎಲ್ಲರ ಕಣ್ಣಿಗೂ ಒಟ್ಟಿಗೇ ಬೀಳುತ್ತವೆ. ಹತ್ತುವಾಗ ಇಳಿಯುವಾಗ ಕೈ ಹಿಡಿಯಬೇಕು, ಲೈಫ್ ಜಾಕೆಟ್ ಕಡ್ಡಾಯವಾಗಿ ಹಾಕಬೇಕು. ಅಷ್ಟೇ.

ಬಂಡೀಪುರ, ಕಬಿನಿ

ಇವೆರಡೂ ಒಂದೇ ಕಾಡಿನ ಎರಡು ಮುಖಗಳು. ಕಬಿನಿ ಹೊಳೆ ನಡುವೆ ಹರಿಯುತ್ತದೆ, ದಕ್ಷಿಣಕ್ಕೆ ಬಂಡೀಪುರ, ಉತ್ತರಕ್ಕೆ ನಾಗರಹೊಳೆ. ಕಬಿನಿ ಸಫಾರಿ ಎಂದರೆ ನಾಗರಹೊಳೆ ಕಾಡಿನ ಈ ಹೊಳೆ ಬದಿಯ ಸಫಾರಿ. 2022ರ ಹುಲಿ ಗಣತಿಯಲ್ಲಿ ಕರ್ನಾಟಕದಲ್ಲಿ 563 ಹುಲಿಗಳ ಅಂದಾಜು ಸಿಕ್ಕಿತು. ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141. ಹಾಗಾಗಿ ಹುಲಿ ಎಲ್ಲಿ ಹೆಚ್ಚು ಎಂಬ ಚರ್ಚೆಯಿಂದ ನಿಮ್ಮ ಪ್ರವಾಸಕ್ಕೆ ಏನೂ ಲಾಭವಿಲ್ಲ. ಅದೂ ಅಲ್ಲದೆ, ಪ್ರವಾಸಿಗರಿಗೆ ತೆರೆದಿರುವುದು ಕಾಡಿನ ಒಂದು ಸಣ್ಣ ಭಾಗ. ಹುಲಿ ಮೀಸಲು ಪ್ರದೇಶದ ಒಳವಲಯದಲ್ಲಿ ಶೇಕಡ 20ಕ್ಕಿಂತ ಹೆಚ್ಚು ಜಾಗವನ್ನು ಪ್ರವಾಸೋದ್ಯಮಕ್ಕೆ ಬಳಸಬಾರದು ಎಂದು 2012ರ ಮಾರ್ಗಸೂಚಿ ಹೇಳುತ್ತದೆ. ಉಳಿದ ಜಾಗದಲ್ಲಿ ಹುಲಿ ನೆಮ್ಮದಿಯಾಗಿರಬೇಕು.

ಬಂಡೀಪುರದ ಮೊದಲ ಅನುಕೂಲ ದಾರಿ. ಮೈಸೂರಿನಿಂದ ಊಟಿಗೆ ಹೋಗುವ ಹೆದ್ದಾರಿಯಲ್ಲೇ ಇದೆ, ಮೈಸೂರಿನಿಂದ ಸುಮಾರು 80 ಕಿಲೋಮೀಟರ್. ಸಫಾರಿ ಹೊರಡುವುದು ಕಾಡಿನ ಹೊರಗಿರುವ ಮೇಲುಕಾಮನಹಳ್ಳಿಯಿಂದ. ಒಂದು ರಾತ್ರಿ ಮೈಸೂರಿನಲ್ಲೋ ಗುಂಡ್ಲುಪೇಟೆಯಲ್ಲೋ ಉಳಿದುಕೊಂಡು, ಬೆಳಗ್ಗೆ ಸಫಾರಿ ಮುಗಿಸಿ, ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿಬರಬಹುದು. ಬೆಟ್ಟದ ಮೇಲಕ್ಕೆ ಖಾಸಗಿ ವಾಹನ ಬಿಡುವುದಿಲ್ಲ, ಬುಡದಿಂದ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಹೋಗಬೇಕು. ದೇವಸ್ಥಾನವೂ ಆಯಿತು, ಕಾಡೂ ಆಯಿತು ಎನ್ನುವ ಹಿರಿಯರಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಬಸ್ ಸಫಾರಿಗೆ ದುಡ್ಡೂ ಕಡಿಮೆ. ದೊಡ್ಡ ಗುಂಪು, ಕಡಿಮೆ ಬಜೆಟ್, ಒಂದೇ ದಿನ ಎನ್ನುವವರಿಗೆ ನಾನು ಯೋಚಿಸದೆ ಬಂಡೀಪುರ ಎನ್ನುತ್ತೇನೆ.

ಒಂದು ಎಚ್ಚರಿಕೆ. 2009ರಿಂದ ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಊಟಿಯ ಕಡೆಯಿಂದಲೋ ವಯನಾಡಿನ ಕಡೆಯಿಂದಲೋ ಬಂದು ಬೆಳಗಿನ ಸಫಾರಿ ಹಿಡಿಯುತ್ತೇವೆ ಎಂದುಕೊಂಡವರು ಚೆಕ್‌ಪೋಸ್ಟಿನಲ್ಲಿ ನಿಂತು ಕಾಯಬೇಕಾಗುತ್ತದೆ. ಹಿಂದಿನ ದಿನವೇ ಈಚೆ ಬಂದು ಉಳಿಯಿರಿ. ಆ ನಿಷೇಧವನ್ನು ನಾನು ಪೂರ್ತಿ ಮನಸ್ಸಿನಿಂದ ಒಪ್ಪುತ್ತೇನೆ. ರಾತ್ರಿ ಲಾರಿಗಳಿಗೆ ಸಿಕ್ಕಿ ಸತ್ತ ಜಿಂಕೆಗಳನ್ನು ನೋಡಿದ ಯಾರೂ ಅದನ್ನು ಬೇಡ ಎನ್ನಲಾರರು.

ಬಂಡೀಪುರದ ತೊಂದರೆ ಎಂದರೆ ಲಂಟಾನ. ರಸ್ತೆಯ ಎರಡೂ ಬದಿ ಈ ಮುಳ್ಳುಪೊದೆ ಗೋಡೆಯ ಹಾಗೆ ಬೆಳೆದಿರುತ್ತದೆ. ಮಳೆ ಮುಗಿದ ತಿಂಗಳುಗಳಲ್ಲಿ ಹತ್ತು ಅಡಿ ಆಚೆ ಆನೆ ನಿಂತಿದ್ದರೂ ಕಿವಿ ಬೀಸುವ ಸದ್ದು ಮಾತ್ರ ಕೇಳಿಸುತ್ತದೆ. ಫೆಬ್ರುವರಿಯ ನಂತರ ಎಲೆ ಉದುರಿ ಕಾಡು ತೆರೆದುಕೊಳ್ಳುತ್ತದೆ.

ಕಬಿನಿಯ ಕಥೆ ಬೇರೆ. 1974ರಲ್ಲಿ ಬೀಚನಹಳ್ಳಿಯಲ್ಲಿ ಅಣೆಕಟ್ಟು ಆದ ಮೇಲೆ ಕಾಕನಕೋಟೆಯ ಕಾಡಿನ ಒಂದು ಭಾಗ ಮುಳುಗಿತು. 1971ರವರೆಗೆ ಖೆಡ್ಡಾ ನಡೆಸಿ, ಅಂದರೆ ಹಿಂಡನ್ನು ಗಟ್ಟಿ ಬೇಲಿಯೊಳಗೆ ಅಟ್ಟಿ, ಆನೆ ಹಿಡಿಯುತ್ತಿದ್ದ ನೆಲವದು. ಇವತ್ತು ಅದೇ ಹಿನ್ನೀರಿನ ದಡಕ್ಕೆ ಏಪ್ರಿಲ್, ಮೇ ತಿಂಗಳಲ್ಲಿ ಆನೆಗಳು ಹಿಂಡುಹಿಂಡಾಗಿ ಇಳಿಯುತ್ತವೆ. ನೀರು ಹಿಂದೆ ಸರಿದ ಜಾಗದಲ್ಲಿ ಹಸಿರು ಹುಲ್ಲು ಚಿಗುರುತ್ತದೆ, ಸುತ್ತಲಿನ ಕಾಡೆಲ್ಲ ಒಣಗಿದಾಗ ಆ ಹುಲ್ಲೇ ಅವುಗಳಿಗೆ ಆಧಾರ. ಏಷ್ಯಾದ ಆನೆಗಳು ಇಷ್ಟು ಸಂಖ್ಯೆಯಲ್ಲಿ ಒಂದೆಡೆ ಸೇರುವ ಜಾಗಗಳು ಬಹಳ ಕಡಿಮೆ. ಜೀವನದಲ್ಲಿ ಒಮ್ಮೆ ಮಾತ್ರ ಕುಟುಂಬದವರನ್ನು ಕಾಡಿಗೆ ಕರೆದುಕೊಂಡು ಹೋಗುವವರಿದ್ದರೆ, ದುಡ್ಡು ಕೂಡಿಸಿಟ್ಟು ಮೇ ತಿಂಗಳ ಕಬಿನಿಗೆ ಹೋಗಿ ಎಂದು ಹೇಳುತ್ತೇನೆ. ಬಯಲಾದ್ದರಿಂದ ಕನ್ನಡಕ ಮರೆತು ಬಂದ ಅಜ್ಜಿಗೂ ಆನೆ ಕಾಣುತ್ತದೆ.

ಕಬಿನಿಗೆ ಹೋಗಲು ಎರಡು ದಾರಿಗಳಿವೆ. ಎಚ್.ಡಿ. ಕೋಟೆ ತಾಲ್ಲೂಕಿನ ದಮ್ಮನಕಟ್ಟೆಯ ಸಫಾರಿ ಕೇಂದ್ರದಿಂದ ಇಲಾಖೆಯ ಬಸ್ಸು ಒಂದು. ಕಾರಾಪುರದಲ್ಲಿರುವ, ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್‌ನಲ್ಲೋ ಸುತ್ತಲಿನ ಖಾಸಗಿ ರೆಸಾರ್ಟ್‌ಗಳಲ್ಲೋ ಉಳಿದು ಜೀಪು, ದೋಣಿ ಹಿಡಿಯುವುದು ಇನ್ನೊಂದು. ಮೊದಲನೆಯದಕ್ಕೆ ತಲೆಗೆ ನೂರುಗಳ ಲೆಕ್ಕ, ಎರಡನೆಯದಕ್ಕೆ ಸಾವಿರಗಳ ಲೆಕ್ಕ. ಹನ್ನೊಂದು ಜನಕ್ಕೆ ಗುಣಿಸಿದಾಗ ಈ ಅಂತರ ಸಣ್ಣದಲ್ಲ.

ನಾವು ಎರಡನೆಯ ಸಲ ಹೋದಾಗ ದಮ್ಮನಕಟ್ಟೆಯ ಬಸ್ಸನ್ನೇ ಹಿಡಿದೆವು. ಅಮ್ಮ ಚಾಲಕನ ಹಿಂದಿನ ಸೀಟಿನಲ್ಲಿ, ಶಾಲು ಹೊದ್ದು. ಬಸ್ಸು ಒಂದು ಕೆರೆಯ ತಿರುವಿನಲ್ಲಿ ನಿಂತಿತು. ಎಲ್ಲರೂ ಎಡಗಡೆಯ ಕಾಟಿಗಳನ್ನು ನೋಡುತ್ತಿದ್ದರು. ಅಮ್ಮ ನನ್ನ ತೋಳು ಹಿಡಿದು ಮೆಲ್ಲಗೆ ಹೇಳಿದರು, "ಅಲ್ಲಿ ನೋಡು, ನಾಯಿಗಳು ಮಲಗಿವೆ." ರಸ್ತೆಯ ಮಧ್ಯದಲ್ಲಿ, ಬಿಸಿಲು ಬಿದ್ದ ಜಾಗದಲ್ಲಿ, ನಾಲ್ಕು ಸೀಳುನಾಯಿಗಳು. ಇಟ್ಟಿಗೆ ಬಣ್ಣದ ಮೈ, ಕಪ್ಪು ಕುಚ್ಚಿನ ಬಾಲ. ಒಂದರ ಮೂತಿಯ ಮೇಲೆ ರಕ್ತ ಇನ್ನೂ ಒಣಗಿರಲಿಲ್ಲ. ಅದು ತಲೆಯೆತ್ತಿ ಬಸ್ಸನ್ನು ನೋಡಿ, ಆಕಳಿಸಿ, ಮತ್ತೆ ಮುಂಗಾಲಿನ ಮೇಲೆ ಗದ್ದವಿಟ್ಟಿತು. ಹದಿನೈದು ನಿಮಿಷ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಹುಲಿ ಕಾಣಲಿಲ್ಲ. ಅಮ್ಮ ಇಂದಿಗೂ ಮನೆಗೆ ಬಂದವರಿಗೆಲ್ಲ ಆ ನಾಯಿಗಳ ಕಥೆ ಹೇಳುತ್ತಾರೆ.

ನಾಗರಹೊಳೆಗೆ ಬೇರೆ ಬಾಗಿಲುಗಳೂ ಇವೆ. ಹುಣಸೂರಿನ ಕಡೆಯವರಿಗೆ ವೀರನಹೊಸಹಳ್ಳಿ, ಕೊಡಗಿನಲ್ಲಿ ಉಳಿದವರಿಗೆ ಕುಟ್ಟದ ಬಳಿಯ ನಾಣಚ್ಚಿ. ಕೊಡಗಿನ ಹೋಂಸ್ಟೇಯಲ್ಲಿ ಎರಡು ದಿನ ಇರುವ ಯೋಜನೆಯಿದ್ದರೆ ನಾಣಚ್ಚಿಗೆ ಹೋಗಿ. ಸಫಾರಿಯೊಂದಕ್ಕಾಗಿ ಮೈಸೂರಿನ ಕಡೆಗೆ ಇಳಿಯಬೇಡಿ.

ಭದ್ರಾ, ಕೆ. ಗುಡಿ, ಕಾಳಿ

ಚಿಕ್ಕಮಗಳೂರು, ಶಿವಮೊಗ್ಗ ಕಡೆಯ ಭದ್ರಾ ಹುಲಿ ಮೀಸಲು ಕಾಡು ನನ್ನ ಮೆಚ್ಚಿನದು, ಇದನ್ನು ಮುಚ್ಚಿಡುವುದಿಲ್ಲ. 2002ರ ಸುಮಾರಿಗೆ ಕಾಡಿನೊಳಗಿನ ಹಳ್ಳಿಗಳ ಕುಟುಂಬಗಳು ಜಮೀನು, ಮನೆ ಪಡೆದು ಹೊರಗೆ ಬಂದು ನೆಲೆಸಿದವು. ಅವರು ಬಿಟ್ಟುಬಂದ ಗದ್ದೆಗಳಲ್ಲಿ ಈಗ ಕಾಟಿ, ಜಿಂಕೆಗಳು ಮೇಯುತ್ತವೆ. ಆ ಜನ ಬಿಟ್ಟುಕೊಟ್ಟದ್ದರಿಂದ ನಮಗೆ ಈ ಕಾಡು ಸಿಕ್ಕಿದೆ ಎಂದು ನಾನು ನಮ್ಮ ಮಕ್ಕಳಿಗೆ ಅಲ್ಲಿ ನಿಂತೇ ಹೇಳುತ್ತೇನೆ.

ಲಕ್ಕವಳ್ಳಿಯ ಕಡೆಯಿಂದ ಹೋದರೆ ಜೀಪೂ ಇದೆ, ದೋಣಿಯೂ ಇದೆ. ಜಲಾಶಯದ ನಡುವಿನ ನಡುಗಡ್ಡೆಗಳಲ್ಲಿ ಬೇಸಿಗೆಯ ಮುನ್ನ ರಿವರ್ ಟರ್ನ್ ಹಕ್ಕಿಗಳು ಸಾವಿರಗಟ್ಟಲೆ ಸೇರಿ ಬರಿ ನೆಲದ ಮೇಲೆ ಮೊಟ್ಟೆಯಿಡುತ್ತವೆ. ದೋಣಿ ದೂರದಲ್ಲೇ ನಿಲ್ಲುತ್ತದೆ. ತಾಯಿ ಹಕ್ಕಿ ಕೊಕ್ಕಿನಲ್ಲಿ ಬೆಳ್ಳಿಯ ಹಾಗೆ ಹೊಳೆಯುವ ಮೀನು ಹಿಡಿದು ಬರುತ್ತದೆ. ಆ ಗದ್ದಲದಲ್ಲಿ, ಒಂದೇ ಥರ ಕಾಣುವ ನೂರಾರು ಮರಿಗಳ ನಡುವೆ, ತನ್ನ ಮರಿಯ ಮುಂದೆಯೇ ಇಳಿಯುತ್ತದೆ. ನಮ್ಮ ಐದು ವರ್ಷದ ಹುಡುಗ ಅದನ್ನು ನೋಡಿ ಕೇಳಿದ, "ಅದಕ್ಕೆ ಹೇಗೆ ಗೊತ್ತಾಯಿತು?" ದೋಣಿಯಲ್ಲಿದ್ದ ಪ್ರಕೃತಿ ಮಾರ್ಗದರ್ಶಿ "ಕೂಗಿನಿಂದ ಪುಟ್ಟ, ನಿಮ್ಮಮ್ಮನಿಗೆ ನಿನ್ನ ಕೂಗು ಗೊತ್ತಾಗುವುದಿಲ್ಲವೇ?" ಎಂದರು.

ಭದ್ರಾಕ್ಕೆ ಇನ್ನೊಂದು ಅನುಕೂಲವಿದೆ, ರೈಲು. ಬೆಂಗಳೂರು–ಶಿವಮೊಗ್ಗ ಮಾರ್ಗದಲ್ಲಿ ತರೀಕೆರೆಯಲ್ಲಿ ಇಳಿದು ಅಲ್ಲಿಂದ ಟೆಂಪೋ ಮಾಡಿಕೊಂಡರೆ ಹಿರಿಯರಿಗೆ ಐದಾರು ಗಂಟೆ ಕಾರಿನಲ್ಲಿ ಕೂರುವ ಶಿಕ್ಷೆ ತಪ್ಪುತ್ತದೆ. ಹುಲಿಗೆಂದೇ ಬರುವವರಿಗೆ ಮಾತ್ರ ಇದು ಸರಿಹೋಗದು. ಬಂಡೀಪುರ, ಕಬಿನಿಯಷ್ಟು ಸುಲಭವಾಗಿ ಇಲ್ಲಿ ಕಾಣುವುದಿಲ್ಲ. ಚಿಕ್ಕಮಗಳೂರಿನಲ್ಲಿ ಉಳಿದವರು ಮುತ್ತೋಡಿ ಬಾಗಿಲಿನಿಂದ ಹೋಗಬಹುದು, ಅಲ್ಲಿ ದೋಣಿ ಇಲ್ಲ.

ಬಿಳಿಗಿರಿರಂಗನ ಬೆಟ್ಟದ ಕ್ಯಾತದೇವರಾಯನ ಗುಡಿ, ಎಲ್ಲರ ಬಾಯಲ್ಲಿ ಕೆ. ಗುಡಿ, ಆರೆಂಟು ಜನ ಗೆಳೆಯರ ಗುಂಪಿಗೆ ಒಳ್ಳೆಯದು. ಜನ ಕಡಿಮೆ, ವಾಹನ ಕಡಿಮೆ, ಚಳಿ ಹೆಚ್ಚು, ಮೊಬೈಲ್ ನೆಟ್‌ವರ್ಕನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಅಲ್ಲಿನ ಸೋಲಿಗರಿಗೆ 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಗಳು ಸಿಕ್ಕವು. ಹುಲಿ ಮೀಸಲು ಪ್ರದೇಶದೊಳಗೆ ಹೀಗೆ ಹಕ್ಕು ಪಡೆದವರಲ್ಲಿ ಅವರು ಮೊದಲಿಗರು. ಸೋಲಿಗ ಮಾರ್ಗದರ್ಶಿ ಜೊತೆಗಿದ್ದರೆ ಪ್ರತಿ ಗಿಡಕ್ಕೂ ಒಂದು ಕಥೆ ಸಿಗುತ್ತದೆ. ಆದರೆ ದೊಡ್ಡ ಗುಂಪಿಗೆ ಒಂದೇ ಹೊತ್ತಿನಲ್ಲಿ ಸೀಟು ಹೊಂದಿಸುವುದು ಅಲ್ಲಿ ಕಷ್ಟ.

ಕಾಳಿಯನ್ನು, ಅಂದರೆ ದಾಂಡೇಲಿಯ ಕಡೆಯ ಕಾಡನ್ನು, ಸಫಾರಿಗಾಗಿ ಆರಿಸಬೇಡಿ. ದಟ್ಟ ಕಾಡು, ಪ್ರಾಣಿ ಕಾಣುವುದು ಅಪರೂಪ. ಪಶ್ಚಿಮ ಘಟ್ಟದ ನಾಲ್ಕೂ ಬಗೆಯ ಮಂಗಟ್ಟೆ ಹಕ್ಕಿಗಳು ಅಲ್ಲಿವೆ, ಹೊಳೆಯಲ್ಲಿ ರ‍್ಯಾಫ್ಟಿಂಗ್ ಇದೆ. ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆಯ ಕಾಲೇಜು ಗೆಳೆಯರ ಗುಂಪಿಗೆ ಎರಡು ದಿನಕ್ಕೆ ಹತ್ತಿರದ, ಸೊಗಸಾದ ಜಾಗ. ಸಫಾರಿಯನ್ನು ಅದರಲ್ಲೊಂದು ಭಾಗ ಮಾಡಿಕೊಳ್ಳಿ.

ತೀರ ಚಿಕ್ಕ ಮಕ್ಕಳು, ತೀರ ವಯಸ್ಸಾದವರು ಇದ್ದರೆ

ಮೂರು ವರ್ಷದೊಳಗಿನ ಮಗುವನ್ನು ಎರಡೂವರೆ ಮೂರು ಗಂಟೆ ತೆರೆದ ಜೀಪಿನಲ್ಲಿ ಕೂರಿಸುವುದು ಮಗುವಿಗೂ ಹಿಂಸೆ, ಉಳಿದವರಿಗೂ ಹಿಂಸೆ. ಕಾಡಿನೊಳಗೆ ಎಲ್ಲೂ ಇಳಿಯುವ ಹಾಗಿಲ್ಲ, ಮೂತ್ರಕ್ಕೂ ಇಲ್ಲ. ಇದನ್ನು ಮಧುಮೇಹ ಇರುವ ಹಿರಿಯರೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಹೇಳಲು ಸಂಕೋಚಪಡುತ್ತಾರೆ, ನಾವೇ ಮೊದಲು ಕೇಳಬೇಕು.

ಇಂಥವರಿಗೆ ನಾನು ಸೂಚಿಸುವ ಮೊದಲ ಜಾಗ ಹಂಪಿಯ ಹತ್ತಿರದ ದರೋಜಿ ಕರಡಿಧಾಮ. ಹಂಪಿಯಿಂದ ಸುಮಾರು 15 ಕಿಲೋಮೀಟರ್. ವಾಹನದಲ್ಲಿ ಅಲೆಯುವ ಗೋಜಿಲ್ಲ. ಮಧ್ಯಾಹ್ನ ವೀಕ್ಷಣಾ ಗೋಪುರದಲ್ಲಿ ಕುಳಿತರಾಯಿತು. ಎದುರಿನ ಬಂಡೆಗಳ ಮೇಲೆ ಸಿಬ್ಬಂದಿ ಬೆಲ್ಲದ ಪಾಕ ಬಳಿದಿರುತ್ತಾರೆ, ಬಿಸಿಲು ತಗ್ಗುವ ಹೊತ್ತಿಗೆ ಕರಡಿಗಳು ಗುಹೆಗಳಿಂದ ಇಳಿದುಬರುತ್ತವೆ. ಮರಿಗಳು ತಾಯಿಯ ಬೆನ್ನಿನ ಕೂದಲು ಹಿಡಿದು ಕುಳಿತಿರುತ್ತವೆ. ದೂರವಿರುವುದರಿಂದ ಒಂದು ದುರ್ಬೀನು ಬೇಕೇ ಬೇಕು. ಗುಂಪಿನಲ್ಲಿ ಒಂದಾದರೂ ಇರಲಿ, ಕೈಯಿಂದ ಕೈಗೆ ದಾಟಿಸಿ. ಹಂಪಿಯನ್ನೂ ನೋಡಿದಂತಾಗುತ್ತದೆ.

ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಇನ್ನೊಂದು. 1940ರಲ್ಲಿ ಪಕ್ಷಿಧಾಮವಾದ ಜಾಗ, 2022ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಅಲ್ಪ ಹೊತ್ತಿನ ದೋಣಿ ಪಯಣದಲ್ಲೇ ಮೊಸಳೆಯೂ ಕೊಕ್ಕರೆಯೂ ಕಾಣುತ್ತವೆ. ಬೆಂಗಳೂರಿನವರು ಮಕ್ಕಳನ್ನು ಮೊದಲ ಸಲ ಕರೆದುಕೊಂಡು ಹೋಗುವುದಾದರೆ ಬನ್ನೇರುಘಟ್ಟವೂ ಸರಿಯೇ. ಅದು ಬೇಲಿಯೊಳಗಿನ ಸಫಾರಿ, ಅದನ್ನು ಮಕ್ಕಳಿಗೆ ಹೇಳಿ. ಮಂಗಳವಾರ ರಜೆ.

ಯಾವ ತಿಂಗಳು

ಮಾರ್ಚಿನಿಂದ ಮೇ ಕೊನೆಯವರೆಗೆ ಪ್ರಾಣಿಗಳು ನೀರಿಗೆ ಬರುತ್ತವೆ, ಶಾಲೆಗೂ ರಜೆ. ಬಿಸಿಲು ಮಾತ್ರ ಕಡು. ಹಿರಿಯರಿದ್ದರೆ ಬೆಳಗಿನ ಸುತ್ತನ್ನೇ ಆರಿಸಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯವೂ ಇರುತ್ತದೆ; 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಬಿದ್ದ ಬೆಂಕಿಯನ್ನು ಯಾರೂ ಮರೆತಿಲ್ಲ. ನಿಮ್ಮ ಗುಂಪಿನಲ್ಲಿ ಬೀಡಿ, ಸಿಗರೇಟು ಸೇದುವವರಿದ್ದರೆ ಅದನ್ನು ಕೋಣೆಯಲ್ಲೇ ಬಿಟ್ಟು ಬರಲು ಖಡಾಖಂಡಿತವಾಗಿ ಹೇಳಿ.

ಮಳೆಗಾಲದಲ್ಲಿ ಕಾಡು ಹಸಿರಾಗಿ ಉಕ್ಕುತ್ತದೆ, ಪ್ರಾಣಿ ಕಾಣುವುದು ಕಡಿಮೆ. ಭದ್ರಾ, ಕಾಳಿಯ ಕಡೆ ಉಂಬಳಗಳ ಕಾಟ. ನವೆಂಬರಿನಿಂದ ಜನವರಿ ಹವೆಗೆ ಅತ್ಯುತ್ತಮ, ಆದರೆ ತೆರೆದ ಜೀಪಿನಲ್ಲಿ ಬೆಳಗಿನ ಆರೂವರೆಗೆ ಮಕ್ಕಳಿಗೆ ಕುಲಾವಿ, ಹಿರಿಯರಿಗೆ ಕಂಬಳಿ ಬೇಕು. ಹಿರಿಯರೂ ಮಕ್ಕಳೂ ಇರುವ ಗುಂಪಿಗೆ ನನ್ನ ಆಯ್ಕೆ ಫೆಬ್ರುವರಿ ಕೊನೆ: ಚಳಿ ಹೋಗಿರುತ್ತದೆ, ಎಲೆ ಉದುರಿರುತ್ತದೆ, ರಜೆಯ ಜನಸಂದಣಿ ಶುರುವಾಗಿರುವುದಿಲ್ಲ.

ಬುಕಿಂಗ್ ಮಾಡುವಾಗ

ಕೋಣೆ ಸಿಕ್ಕಿತೆಂದರೆ ಸಫಾರಿ ಸಿಕ್ಕಿತೆಂದು ಅರ್ಥವಲ್ಲ. ನಮಗೆ ಒಮ್ಮೆ ಇದರಿಂದ ದೊಡ್ಡ ಪೆಟ್ಟು ಬಿತ್ತು. ಒಂದು ರೆಸಾರ್ಟಿನಲ್ಲಿ ನಾಲ್ಕು ಕೋಣೆ ಕಾಯ್ದಿರಿಸಿ, ಪೂರ್ತಿ ಹಣ ಕಟ್ಟಿ ಹೋದೆವು. ಅಲ್ಲಿಗೆ ಹೋದ ಮೇಲೆ ಹನ್ನೊಂದು ಜನರಲ್ಲಿ ಐದು ಜನಕ್ಕೆ ಮಾತ್ರ ಸೀಟಿದೆ ಎಂದರು. ಮಕ್ಕಳಿಗೆ ಏನು ಹೇಳುವುದು? ಕೊನೆಗೆ ಮಕ್ಕಳನ್ನೂ ಅಮ್ಮನನ್ನೂ ಕಳಿಸಿ ನಾವು ದೊಡ್ಡವರು ಜಗುಲಿಯಲ್ಲಿ ಕುಳಿತೆವು. ಕಬಿನಿಯಲ್ಲಿ ಖಾಸಗಿ ರೆಸಾರ್ಟಿನಲ್ಲಿ ಉಳಿದರೂ ಕಾಡಿಗೆ ಹೋಗುವುದು ಜಂಗಲ್ ಲಾಡ್ಜಸ್ ವಾಹನಗಳಲ್ಲಿ, ಸೀಟುಗಳು ಸೀಮಿತ. ಆದ್ದರಿಂದ ಹಣ ಕಟ್ಟುವ ಮೊದಲು ಕೇಳಬೇಕಾದದ್ದು ಇಷ್ಟು: ನಮ್ಮೆಲ್ಲರ ಹೆಸರಿನಲ್ಲಿ ಸಫಾರಿ ಸೀಟು ಖಾತ್ರಿಯೇ? ಜೀಪೋ, ಬಸ್ಸೋ, ದೋಣಿಯೋ? ಎಲ್ಲರೂ ಒಂದೇ ವಾಹನದಲ್ಲೇ? ರದ್ದಾದರೆ ಹಣ ವಾಪಸ್ ಬರುತ್ತದೆಯೇ? ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

ರದ್ದಾಗುವ ಮಾತು ಸುಮ್ಮನೆ ಹೇಳುತ್ತಿಲ್ಲ. 2025ರ ನವೆಂಬರಿನಲ್ಲಿ, ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಮೇಲೆ, ಬಂಡೀಪುರ ಮತ್ತು ನಾಗರಹೊಳೆಯಲ್ಲಿ ಸಫಾರಿ ನಿಲ್ಲಿಸಿ ಆ ಸಿಬ್ಬಂದಿಯನ್ನು ಹುಲಿ ಪತ್ತೆ ಕೆಲಸಕ್ಕೆ ಹಚ್ಚುವಂತೆ ಸರ್ಕಾರ ಆದೇಶಿಸಿತು. ಟಿಕೆಟ್ ಕೈಯಲ್ಲಿ ಹಿಡಿದಿದ್ದ ಹಲವರು ಬೇಸರಪಟ್ಟರು. ದನ ಮೇಯಿಸಲು ಹೋದ ಮನುಷ್ಯ ಮನೆಗೆ ಬಾರದಿದ್ದಾಗ ನಮ್ಮ ಪ್ರವಾಸ ಮುಂದೂಡುವುದು ದೊಡ್ಡ ಮಾತಲ್ಲ. ಹೊರಡುವ ವಾರದ ಮೊದಲು ಇಲಾಖೆಯ ಜಾಲತಾಣ ನೋಡಿ, ಸಫಾರಿ ಕೇಂದ್ರಕ್ಕೆ ಫೋನು ಮಾಡಿ, ಪರಿಸ್ಥಿತಿ ತಿಳಿದುಕೊಳ್ಳಿ. ಭದ್ರಾವನ್ನೋ ದರೋಜಿಯನ್ನೋ ಎರಡನೆಯ ಆಯ್ಕೆಯಾಗಿ ಇಟ್ಟುಕೊಂಡಿರಿ.

ಖರ್ಚಿನ ಲೆಕ್ಕದಲ್ಲಿ ಕ್ಯಾಮೆರಾ ಶುಲ್ಕ ಬಿಟ್ಟುಹೋಗುತ್ತದೆ. ಉದ್ದದ ಲೆನ್ಸಿಗೆ ಬೇರೆಯೇ ದರ. ಅದನ್ನು ಗುಂಪಿನ ಹುಂಡಿಗೆ ಹಾಕದೆ ಲೆನ್ಸ್ ತಂದವರೇ ಕೊಡುವುದು ನ್ಯಾಯ. ನಮ್ಮ ಭಾವನಿಗೆ ನಾವು ಈಗ ಬೇರೆಯೇ ಒಂದು ಜೀಪು ಸುತ್ತು ಕಾಯ್ದಿರಿಸುತ್ತೇವೆ, ಅವರಂಥ ಇನ್ನಿಬ್ಬರ ಜೊತೆ. ಅವರು ಹುಲಿಗಾಗಿ ಒಂದೇ ಕೆರೆಯ ಬಳಿ ಒಂದು ಗಂಟೆ ಕಾದರೂ ಯಾರೂ ಗೊಣಗುವುದಿಲ್ಲ. ಗುರುತಿನ ಚೀಟಿ ಪ್ರತಿಯೊಬ್ಬರದೂ ಇರಲಿ. ತಿಂಡಿ ಪೊಟ್ಟಣ, ಚಿಪ್ಸ್ ಕೋಣೆಯಲ್ಲೇ ಇರಲಿ.

ಈ ಫೆಬ್ರುವರಿಗೆ ನಾವು ಮತ್ತೆ ಹೊರಡುತ್ತಿದ್ದೇವೆ. ಹದಿಮೂರು ಜನ, ಲಕ್ಕವಳ್ಳಿಗೆ. ಮೊದಲ ಸಂಜೆ ಎಲ್ಲರೂ ದೋಣಿ, ಮರುದಿನ ಬೆಳಗ್ಗೆ ಬೇಕೆಂದವರಿಗೆ ಜೀಪು. ಅಮ್ಮ ಈಗ ಕೋಲು ಹಿಡಿದು ನಡೆಯುತ್ತಾರೆ. ದಡದಿಂದ ದೋಣಿಗೆ ಎಷ್ಟು ಮೆಟ್ಟಿಲು ಎಂದು ಫೋನು ಮಾಡಿ ಕೇಳಲು ಅವರೇ ಹೇಳಿದರು. ಕೇಳಿದೆ. ನೀರಿನ ಮಟ್ಟ ನೋಡಿಕೊಂಡು ಹಲಗೆ ಹಾಕುತ್ತೇವೆ, ಇಬ್ಬರು ಕೈ ಹಿಡಿಯುತ್ತೇವೆ, ಕರೆದುಕೊಂಡು ಬನ್ನಿ ಎಂದರು ದೋಣಿಯವರು.